ಸಾಫ್ಟ್‌ವೇರ್ ಒಪ್ಪಿದ ತೊಲೆ ಬಾಗಿತು: ಫ್ಲೋಟಿಂಗ್ ಕಾಲಂ ಇರುವ ಕಟ್ಟಡ ಕಟ್ಟಿಸುವವರಿಗೆ ಒಂದು ಎಚ್ಚರಿಕೆ

ಕೆಳಗೆ ನಡುಗಂಬಗಳಿಲ್ಲದ ಸಭಾಂಗಣ, ಅದರ ಮೇಲೆ ಮೂರು ಅಂತಸ್ತಿನ ವಸತಿ ಕೋಣೆಗಳು. ಈ ಬಗೆಯ ಕಲ್ಯಾಣ ಮಂಟಪಗಳು ಈಗ ನಮ್ಮ ಸಣ್ಣ ಪಟ್ಟಣಗಳಲ್ಲೂ ಏಳುತ್ತಿವೆ. ಅಂಥದೊಂದು ಕಟ್ಟಡದಲ್ಲಿ ಬಿರುಕು ಕಾಣಿಸಿಕೊಂಡಾಗ ಮಾಲೀಕರ ಕೋರಿಕೆಯಂತೆ ಅದರ ವಿನ್ಯಾಸವನ್ನು ಮರುಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂತು. ಮತ್ತೊಬ್ಬರಿಗೆ ಇದೇ ನಷ್ಟ ಒದಗಬಾರದೆಂದು, ಅಲ್ಲಿ ಕಂಡದ್ದನ್ನು ಅಂಕಿಗಳ ಸಮೇತ ಬರೆಯುತ್ತಿದ್ದೇನೆ.

ಸಭಾಂಗಣದ ಮೇಲೆ 14 ಮೀಟರ್ ಉದ್ದದ ಟ್ರಾನ್ಸ್‌ಫರ್ ಗರ್ಡರುಗಳಿದ್ದವು, ಅಂದರೆ ಮೇಲಿನ ಕಾಲಮ್ಮಿನ ಭಾರವನ್ನು ಹೊತ್ತು ಅಂಚಿನ ಕಂಬಗಳಿಗೆ ಸಾಗಿಸುವ ತೊಲೆಗಳು. ಪ್ರತಿಯೊಂದರ ನಟ್ಟನಡುವೆ ಒಂದು ಕಾಲಂ ಕುಳಿತು ಮೇಲಿನ ಅಂತಸ್ತುಗಳನ್ನು ಹೊರುತ್ತಿತ್ತು. ಹೀಗೆ ಅಡಿಪಾಯದವರೆಗೆ ಇಳಿಯದೆ ತೊಲೆಯ ಮೇಲೆಯೇ ನಿಲ್ಲುವ ಕಂಬವೇ ಫ್ಲೋಟಿಂಗ್ ಕಾಲಂ. ಸೆಂಟ್ರಿಂಗ್ ಬಿಚ್ಚಿ, ಮೇಲಿನ ಮಹಡಿಗಳನ್ನು ಒಂದೊಂದಾಗಿ ಏರಿಸಿ, ಗೋಡೆ ಕಟ್ಟಿ ಗಾರೆ ಮುಗಿಸಿದ ಮೇಲೆ ಗರ್ಡರುಗಳ ತಳದಲ್ಲಿ ಅಡ್ಡಬಿರುಕುಗಳೂ, ಕೋಣೆಗಳ ಗೋಡೆಗಳಲ್ಲಿ ಓರೆಬಿರುಕುಗಳೂ ಮೂಡಿದವು. ಕೆಲವು ಬಾಗಿಲುಗಳು ಚೌಕಟ್ಟಿಗೆ ಸಿಕ್ಕಿಕೊಂಡು ಮುಚ್ಚದಾದವು. ವಿನ್ಯಾಸಕಾರರು ಕೊಟ್ಟ ಉತ್ತರ ಒಂದೇ: ಸಾಫ್ಟ್‌ವೇರಿನಲ್ಲಿ ಕಟ್ಟಿದ ಮಾದರಿಯಲ್ಲಿ ಎಲ್ಲವೂ ‘ಪಾಸ್’ ಆಗಿದೆ, ತಪ್ಪು ಮೇಸ್ತ್ರಿಯದು.

ಕಾಂಕ್ರೀಟಿನ ಬಲವನ್ನೂ ಕಬ್ಬಿಣದ ಪ್ರಮಾಣವನ್ನೂ ಪರೀಕ್ಷಿಸಿದೆವು. ಎರಡೂ ನಕ್ಷೆಯಲ್ಲಿದ್ದಂತೆಯೇ ಇದ್ದವು. ಆಮೇಲೆ ಕಾಗದದ ಮೇಲೆ ಒಂದು ಸರಳ ಲೆಕ್ಕ ಹಾಕಿದೆ. ನಡುವಿನ ಕಾಲಂ ಪ್ರತಿ ಮಹಡಿಯಲ್ಲಿ ಹೊರಬೇಕಾದ ವಿಸ್ತೀರ್ಣ ಸುಮಾರು 35 ಚದರ ಮೀಟರ್. ಸ್ವಂತ ಭಾರ, ಗೋಡೆ, ನೆಲಹಾಸು, ಬಳಕೆಯ ಭಾರ ಸೇರಿ ಚದರ ಮೀಟರಿಗೆ 12 ಕಿಲೋನ್ಯೂಟನ್ ಎಂದು ಹಿಡಿದರೆ, ಗರ್ಡರಿನ ಮೇಲಿರುವ ಮೂರು ಸ್ಲ್ಯಾಬುಗಳಿಂದ 1260 ಕಿಲೋನ್ಯೂಟನ್ ಇಳಿದುಬರಬೇಕು. ವಿನ್ಯಾಸಕಾರರ ಫೈನೈಟ್ ಎಲಿಮೆಂಟ್ ಮಾದರಿಯಲ್ಲಿ (ರಚನೆಯನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ ಗಣಕದಲ್ಲಿ ಲೆಕ್ಕ ಹಾಕುವ ವಿಧಾನ) ಅದೇ ಕಾಲಮ್ಮಿನ ಬುಡದ ಬಲ 900ರ ಆಸುಪಾಸಿನಲ್ಲಿತ್ತು. ಉಳಿದ ಕಾಲುಭಾಗಕ್ಕೂ ಮಿಕ್ಕ ಭಾರ ಎಲ್ಲಿ ಹೋಯಿತು?

ಅದು ಮೇಲಿನ ಮಹಡಿಗಳ ಬೀಮುಗಳ ಮೂಲಕ ಅಂಚಿನ ಕಾಲಂಗಳಿಗೆ ಹರಿದಿತ್ತು. ಬೇರೆ ಸೂಚನೆ ಕೊಡದಿದ್ದರೆ ಇಂತಹ ಸಾಫ್ಟ್‌ವೇರುಗಳು ಇಡೀ ಕಟ್ಟಡ ಒಮ್ಮೆಗೇ ಪೂರ್ಣಗೊಂಡು ನಿಂತಿದೆ ಎಂದು ಭಾವಿಸಿ, ಎಲ್ಲ ಭಾರವನ್ನೂ ಒಂದೇ ಏಟಿಗೆ ಅದರ ಮೇಲೆ ಹೇರುತ್ತವೆ. ಆಗ ಗರ್ಡರು ನಡುವೆ ಕುಸಿಯಲು ಹೊರಟೊಡನೆ ಮೇಲಿನ ಮೂರು ಹಂತದ ಬೀಮುಗಳು ಸೇರಿ ಅದನ್ನು ಎತ್ತಿಹಿಡಿಯುತ್ತವೆ. ನಿರ್ಮಾಣ ಸ್ಥಳದಲ್ಲಿ ನಡೆಯುವುದೇ ಬೇರೆ. ಹಸಿ ಕಾಂಕ್ರೀಟಿಗೆ ತೂಕವಿದೆ, ಬಿಗುವಿಲ್ಲ. ಆದ್ದರಿಂದ ಮೇಲೆ ಹಾಕಿದ ಮೊದಲ ಸ್ಲ್ಯಾಬಿನ ಭಾರದಲ್ಲಿ ಆ ಕಾಲಮ್ಮಿನ ಪಾಲೆಲ್ಲವೂ ಗರ್ಡರಿನ ಮೇಲೆಯೇ ಬೀಳುತ್ತದೆ, ಮತ್ತು ಮುಂದಿನ ಮಹಡಿಯನ್ನು ಮಟ್ಟ ನೋಡಿ ಕಟ್ಟುವುದರಿಂದ ಹಿಂದಿನ ಬಾಗುವಿಕೆಯನ್ನು ಎತ್ತಿಹಿಡಿಯುವ ಕೆಲಸ ಹೊಸ ಬೀಮುಗಳಿಗೆ ಬರುವುದೇ ಇಲ್ಲ. ತಾರಸಿ ಕ್ಯೂರಿಂಗ್ ಆಗುವವರೆಗೂ ಗರ್ಡರಿನ ಕೆಳಗೆ ಆಸರೆ ನಿಲ್ಲಿಸಿದ್ದರೆ ಮಾದರಿಯ ಅಂಕಿ ಸತ್ಯಕ್ಕೆ ಹತ್ತಿರವಿರುತ್ತಿತ್ತು. ಆ ಮಾತನ್ನು ಯಾವ ನಕ್ಷೆಯಲ್ಲೂ ಬರೆದಿರಲಿಲ್ಲ.

ಇದಕ್ಕಾಗಿಯೇ ಹಂತಹಂತದ ನಿರ್ಮಾಣ ವಿಶ್ಲೇಷಣೆ ಎಂಬ ಸೌಲಭ್ಯ ಹೆಚ್ಚಿನ ಪ್ಯಾಕೇಜುಗಳಲ್ಲಿದೆ. ಅದನ್ನು ಬಳಸಿರಲಿಲ್ಲ. ಬಾಗುವಿಕೆಯನ್ನು ಕೂಡ ಬಿರುಕು ಬಿಡದ ಪೂರ್ಣ ಛೇದದ ಬಿಗುವಿನ ಮೇಲೆ ಲೆಕ್ಕ ಹಾಕಲಾಗಿತ್ತು. ಬಿರುಕು, ಕ್ರೀಪ್ (ಸತತ ಭಾರದಡಿ ಕಾಂಕ್ರೀಟ್ ನಿಧಾನವಾಗಿ ಆಕಾರಗೆಡುತ್ತ ಹೋಗುವುದು), ಕುಗ್ಗುವಿಕೆಗಳನ್ನು ಸೇರಿಸಿದಾಗ ಅದು ಎಷ್ಟೋ ಪಾಲು ಏರಿತು. ಗೋಡೆಗಳನ್ನು ಕಟ್ಟಿದ ನಂತರದ ಬಾಗುವಿಕೆ ಉದ್ದದ 350ನೇ ಒಂದು ಭಾಗ ಅಥವಾ 20 ಮಿಲಿಮೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಸಾಮಾನ್ಯವಾಗಿ ಮೀರಬಾರದೆಂದು ಕಾಂಕ್ರೀಟ್ ರಚನೆಗಳ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಇಲ್ಲಿ ಅನ್ವಯವಾಗುವುದು 20 ಮಿಲಿಮೀಟರ್. ಸಾಫ್ಟ್‌ವೇರಿನ ‘ಪಾಸ್’ ಈ ಮಿತಿಯನ್ನು ಪರಿಶೀಲಿಸಿಯೇ ಇರಲಿಲ್ಲ. ಅದು ಬಲದ ಲೆಕ್ಕಕ್ಕಷ್ಟೇ, ಅದೂ ಕೊಟ್ಟ ಬಲಗಳಿಗಷ್ಟೇ, ಸಂಬಂಧಿಸಿತ್ತು.

ಅನುಭವಿಗಳ ಕೈಯಲ್ಲೂ ಇಂಥದು ನಡೆದಿದೆ. ನಾರ್ವೆಯ ಸ್ಟಾವಂಗರ್ ಬಳಿ 1991ರ ಆಗಸ್ಟ್ 23ರಂದು ‘ಸ್ಲೈಪ್ನರ್ ಎ’ ತೈಲವೇದಿಕೆಯ ಕಾಂಕ್ರೀಟ್ ತಳವನ್ನು ನೀರಿಗೆ ಇಳಿಸುತ್ತಿದ್ದಾಗ, ಸುಮಾರು 65 ಮೀಟರ್ ಆಳದಲ್ಲಿ ಒಂದು ಗೋಡೆ ಒಡೆದು ಇಡೀ ರಚನೆ ಮುಳುಗಿಹೋಯಿತು. ಫೈನೈಟ್ ಎಲಿಮೆಂಟ್ ಮಾದರಿಯ ಮೆಶ್, ಅಂದರೆ ತುಂಡುಗಳ ಜಾಲ, ಆ ಗೋಡೆಗಳ ಸಂಧಿಯಲ್ಲಿ ಒರಟಾಗಿದ್ದುದರಿಂದ ಶಿಯರ್ (ಕತ್ತರಿಸುವ) ಒತ್ತಡ 47 ಶೇಕಡದಷ್ಟು ಕಡಿಮೆ ತೋರಿತ್ತು; ಕಬ್ಬಿಣ ಜೋಡಿಸಿದ ರೀತಿಯಲ್ಲೂ ಕೊರತೆಯಿತ್ತು. ಅಪಘಾತದ ನಂತರ ಹೆಚ್ಚು ಎಚ್ಚರದಿಂದ ಮಾಡಿದ ವಿಶ್ಲೇಷಣೆ, ಈ ವಿನ್ಯಾಸ 62 ಮೀಟರಿನಲ್ಲಿ ಸೋಲುತ್ತದೆ ಎಂದು ತೋರಿಸಿತು. ಅಲ್ಲಿ ತಪ್ಪಿದ್ದು ಮೆಶ್, ನಮ್ಮ ಮಂಟಪದಲ್ಲಿ ತಪ್ಪಿದ್ದು ನಿರ್ಮಾಣದ ಕ್ರಮ. ಎರಡು ಕಡೆಯೂ ಗಣಕ ತನಗೆ ಕೊಟ್ಟ ಸಮೀಕರಣಗಳನ್ನು ಸರಿಯಾಗಿಯೇ ಬಿಡಿಸಿತ್ತು.

ಮಂಟಪದಲ್ಲಿ ಕೂಡಲೇ ಗರ್ಡರುಗಳಿಗೆ ಮತ್ತೆ ಆಸರೆ ಕೊಟ್ಟು, ಕೊನೆಗೆ ಸಭಾಂಗಣದ ನಡುವೆಯೇ ಉಕ್ಕಿನ ಕಂಬಗಳನ್ನು ನಿಲ್ಲಿಸಬೇಕಾಯಿತು. ಯಾವ ತೆರವಿಗಾಗಿ ಮಾಲೀಕರು ಸಾಲ ಮಾಡಿ ಅಷ್ಟು ಖರ್ಚು ಮಾಡಿದ್ದರೋ ಅದೇ ಅವರಿಗೆ ಸಿಗಲಿಲ್ಲ.

ಸಾಧ್ಯವಾದರೆ ಫ್ಲೋಟಿಂಗ್ ಕಾಲಂ ಬೇಡವೆಂದೇ ನಾನು ಹೇಳುತ್ತೇನೆ. ಭೂಕಂಪದ ಬಲವನ್ನು ತಡೆಯುವ ಮುಖ್ಯ ವ್ಯವಸ್ಥೆಯಲ್ಲಿ ಅದನ್ನು ನಿಷೇಧಿಸಬೇಕೆಂದು ಭೂಕಂಪ ನಿರೋಧಕ ವಿನ್ಯಾಸದ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯೂ ಹೇಳಿದೆ. ಅನಿವಾರ್ಯವಾದರೆ, ಮಾದರಿ ಕೊಟ್ಟ ಕಾಲಂ ಬಲವನ್ನೂ ವಿಸ್ತೀರ್ಣದಿಂದ ಕೈಯಲ್ಲಿ ಹಾಕಿದ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಕೊಡುವಂತೆ ವಿನ್ಯಾಸಕಾರರನ್ನು ಕೇಳಿ, ವ್ಯತ್ಯಾಸಕ್ಕೆ ಲಿಖಿತ ಕಾರಣ ಪಡೆಯಿರಿ. ಗರ್ಡರಿನ ಆಸರೆಯನ್ನು ಯಾವ ಮಹಡಿ ಮುಗಿದ ಮೇಲೆ ತೆಗೆಯಬೇಕೆಂಬುದು ಗುತ್ತಿಗೆದಾರರ ಕೈಗೆ ಹೋಗುವ ನಕ್ಷೆಯ ಮೇಲೆಯೇ ಇರಲಿ.