ಕೇಳಿಸಿಕೊಳ್ಳುವುದನ್ನು ಕಲಿಸಿದ ತರಬೇತಿ

ಒಂಬತ್ತು ವರ್ಷದಿಂದ ವ್ಯಸನ ಬಿಡಿಸುವ ವಾರ್ಡಿನಲ್ಲಿ ಕೌನ್ಸೆಲರ್ ಆಗಿದ್ದೇನೆ. ಮೋಟಿವೇಷನಲ್ ಇಂಟರ್ವ್ಯೂಯಿಂಗ್ ಅಂದರೆ, ಬದಲಾಗುವುದಕ್ಕೆ ಇರುವ ಕಾರಣಗಳನ್ನು ರೋಗಿಯ ಬಾಯಿಂದಲೇ ಹೊರಡಿಸುವ ಮಾತುಕತೆಯ ವಿಧಾನ. ಅದರ ತರಬೇತಿಗೆ ಸೇರಿದ್ದು ಮಾತ್ರ ಈ ವರ್ಷ. ಎರಡು ದಿನ ತರಗತಿ, ಆಮೇಲೆ ನಾಲ್ಕು ತಿಂಗಳಲ್ಲಿ ಆರು ಸಲ ಫೋನಿನಲ್ಲಿ ಕೋಚಿಂಗ್. ಸೇರಬೇಕೋ ಬೇಡವೋ ಅಂತ ಯೋಚಿಸುತ್ತಿರುವ ಕೌನ್ಸೆಲರ್‌ಗಳು, ನರ್ಸ್‌ಗಳು, ಸಮಾಜ ಕಾರ್ಯಕರ್ತರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತರಗತಿ ಚೆನ್ನಾಗಿತ್ತು. ಆದರೆ ನನ್ನ ಕೆಲಸ ಬದಲಾಗಿದ್ದು ಕೋಚಿಂಗ್‌ನಿಂದ.

ಮೊದಲ ದಿನ ಬೆಳಗ್ಗೆಯೇ ಜೋಡಿ ಮಾಡಿ ಕೂರಿಸಿದರು. ಒಬ್ಬರು ತಮ್ಮದೇ ಒಂದು ಅಭ್ಯಾಸದ ಬಗ್ಗೆ ಮಾತಾಡಬೇಕು. ಇನ್ನೊಬ್ಬರು ಎಂಟು ನಿಮಿಷ ಪ್ರಶ್ನೆ ಕೇಳುವ ಹಾಗಿಲ್ಲ, ಸಲಹೆ ಕೊಡುವ ಹಾಗಿಲ್ಲ. ಕೇಳಿಸಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಅಷ್ಟೇ. ನನ್ನ ಜೊತೆಗಿದ್ದ ನರ್ಸ್ ರಾತ್ರಿಯೆಲ್ಲ ಫೋನ್ ನೋಡುವ ಚಟದ ಬಗ್ಗೆ ಹೇಳುತ್ತಿದ್ದರು. ಎರಡನೇ ನಿಮಿಷಕ್ಕೇ 'ಫೋನನ್ನು ಹೊರಗಿನ ರೂಮಿನಲ್ಲಿ ಇಟ್ಟು ಮಲಗಿ' ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಈ ಸರಿಪಡಿಸುವ ಆತುರವೇ ನಮ್ಮ ದೊಡ್ಡ ತೊಡಕು ಅಂತ ತರಬೇತುದಾರರು ಹೇಳಿದರು. ಕುಡಿಯುವವರ ಮನಸ್ಸಿನಲ್ಲಿ ಬಿಡಬೇಕು, ಬೇಡ ಅನ್ನುವ ಎರಡೂ ಮಾತು ಇದ್ದೇ ಇರುತ್ತವೆ. ನಾವು 'ಬಿಡಿ' ಅಂತ ವಾದ ಹಿಡಿದರೆ ಅವರ ಪಾಲಿಗೆ ಉಳಿಯುವುದು 'ಬೇಡ' ಮಾತ್ರ.

ಈ ವಿಧಾನದ ಬಗ್ಗೆ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ ಮೊದಲು ಬರೆದಿದ್ದು 1983ರಲ್ಲಿ, ಕುಡಿತದ ತೊಂದರೆ ಇರುವವರ ಬಗ್ಗೆಯೇ. ನಾರ್ವೆಯಲ್ಲಿ ಅವರು ಮಾತುಕತೆ ಮಾಡಿ ತೋರಿಸುವಾಗ ಯುವ ಮನೋವಿಜ್ಞಾನಿಗಳು ಅವರನ್ನು ನಿಲ್ಲಿಸಿ ನಿಲ್ಲಿಸಿ 'ಈಗ ಹೀಗೇಕೆ ಹೇಳಿದಿರಿ?' ಅಂತ ಕೇಳುತ್ತಿದ್ದರಂತೆ. ಅದಕ್ಕೆ ಉತ್ತರ ಹುಡುಕುತ್ತಾ ಹುಟ್ಟಿದ್ದು ಇದು.

ತರಗತಿಯಲ್ಲಿ ಮರುದಿನವೇ ಕೆಲಸಕ್ಕೆ ಬಂದಿದ್ದು ಸೊನ್ನೆಯಿಂದ ಹತ್ತರವರೆಗಿನ ಅಳತೆ. 'ಬಿಡುವುದು ನಿಮಗೆ ಎಷ್ಟು ಮುಖ್ಯ?' ಅಂತ ಕೇಳಿ. '4' ಅಂದರೆ, '2 ಯಾಕಲ್ಲ?' ಅಂತ ಕೇಳಿ. ಬಿಡುವುದಕ್ಕೆ ಇರುವ ಕಾರಣಗಳನ್ನು ಅವರೇ ಹೇಳುತ್ತಾರೆ. ಇಷ್ಟು ವರ್ಷ ನಾನು ಕೇಳುತ್ತಿದ್ದಿದ್ದು '8 ಯಾಕಲ್ಲ?' ಅಂತ. ಆಗ ಬರುತ್ತಿದ್ದಿದ್ದು ಬರೀ ಬಿಡಲಾಗದ ಕಾರಣಗಳು.

ಎರಡನೇ ದಿನ ಸ್ಲೈಡ್ ಜಾಸ್ತಿ. ರೋಲ್ ಪ್ಲೇಯಲ್ಲಿ ರೋಗಿಯಾದವರು ಐದೇ ನಿಮಿಷಕ್ಕೆ ಕರಗಿಬಿಡುತ್ತಿದ್ದರು. ವಾರ್ಡಿನಲ್ಲಿ ಯಾರೂ ಹಾಗೆ ಕರಗುವುದಿಲ್ಲ.

ಇನ್ನು ಕೋಚಿಂಗ್, ಅಂದರೆ ಟೇಪಿನ ವಿಷಯ. ರೋಗಿಯ ಒಪ್ಪಿಗೆ ಪಡೆದು ನನ್ನ ಮಾತುಕತೆಯ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿ ಕಳಿಸಬೇಕಿತ್ತು. ಮೊದಲ ಟೇಪು ಕೇಳಿ ಕೋಚ್ ಎಣಿಸಿ ಹೇಳಿದರು: ಪ್ರಶ್ನೆ 31, ತಿರುಗಿ ಹೇಳಿದ್ದು 6. ಪ್ರಶ್ನೆಯಷ್ಟಾದರೂ ತಿರುಗಿ ಹೇಳಬೇಕು, ಒಂದಕ್ಕೆ ಎರಡಾದರೆ ಒಳ್ಳೆಯದು ಅನ್ನುವುದು ಅಳತೆ. ನಾನು ಚೆನ್ನಾಗಿ ಕೇಳಿಸಿಕೊಳ್ಳುತ್ತೇನೆ ಅಂತ ಒಂಬತ್ತು ವರ್ಷ ನಂಬಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆ ಟೇಪಿನಲ್ಲಿ ಒಂದು ಕಡೆ ರೋಗಿ 'ಮಗಳು ಈಗ ನನ್ನ ಪಕ್ಕ ಕೂರಲ್ಲ' ಅನ್ನುತ್ತಾರೆ. ಅದರ ಹಿಂದೆಯೇ ನನ್ನ ದನಿ: 'ದಿನಕ್ಕೆ ಎಷ್ಟು ಕುಡಿಯುತ್ತೀರಿ?' ಫಾರಂನಲ್ಲಿ ಮುಂದಿನ ಪ್ರಶ್ನೆ ಅದೇ ಇತ್ತು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಆದರೆ ನಡೆದಿದ್ದು ಹೀಗೇ. ಕೋಚ್ ಬೈಯಲಿಲ್ಲ. ಅಷ್ಟು ಭಾಗವನ್ನು ಇನ್ನೊಮ್ಮೆ ಕೇಳಿಸಿ, 'ಇಲ್ಲಿ ಏನು ಹೇಳಬಹುದಿತ್ತು?' ಅಂದರು. 'ಮಗಳು ದೂರ ಆಗಿದ್ದು ನಿಮಗೆ ನೋವಾಗಿದೆ, ಅಲ್ವಾ?' ಅಂದೆ. 'ಆ ಅಲ್ವಾ ತೆಗೆದು ಹೇಳಿ' ಅಂದರು.

ಇಡೀ ತರಬೇತಿಯಲ್ಲಿ ನನಗೆ ಸಿಕ್ಕ ದೊಡ್ಡ ಪಾಠ ಇದು. ಕನ್ನಡದಲ್ಲಿ ಮಾತಾಡುವ ನಾವು ಪ್ರತಿ ವಾಕ್ಯದ ಬಾಲಕ್ಕೆ ಅಲ್ವಾ, ತಾನೇ ಸೇರಿಸುತ್ತೇವೆ. ಆಗ ಅದು ಪ್ರಶ್ನೆಯಾಗಿಬಿಡುತ್ತದೆ. ಎದುರಿನವರು 'ಹೌದು' ಅಂದು ಸುಮ್ಮನಾಗುತ್ತಾರೆ. ಅಲ್ವಾ ಬಿಟ್ಟು, ಕೊನೆಯಲ್ಲಿ ದನಿ ಇಳಿಸಿ, ಸುಮ್ನೆ ಕಾದರೆ ಅವರು ಮುಂದುವರಿಸುತ್ತಾರೆ. ಈ ಅಭ್ಯಾಸ ಬಿಡಲು ನನಗೆ ಮೂರು ವಾರ ಬೇಕಾಯಿತು. ಆರನೇ ಟೇಪಿನಲ್ಲಿ ಪ್ರಶ್ನೆ 11, ತಿರುಗಿ ಹೇಳಿದ್ದು 19.

ಬೇಸರದ ವಿಷಯವೂ ಇದೆ. ದಿನಾ ಜಾಸ್ತಿ ಕುಡಿಯುವವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಬೆಳಗ್ಗೆ ಕೈ ನಡುಗುತ್ತದೆ ಅಂತ ಕೇಳಿದ ಕೂಡಲೇ ಡಾಕ್ಟರ ಹತ್ತಿರ ಕಳಿಸಬೇಕು. ಹೆರಾಯಿನ್‌ನಂಥದ್ದನ್ನು ಸ್ವಲ್ಪ ಕಾಲ ಬಿಟ್ಟವರ ದೇಹ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ. ಮತ್ತೆ ಅಷ್ಟೇ ತೆಗೆದುಕೊಂಡರೆ ಸಾಯಬಹುದು. ಈ ಚಟಕ್ಕೆ ಕೊಡುವ ಮೆಥಡೋನ್, ಬ್ಯುಪ್ರೆನಾರ್ಫಿನ್‌ನಂಥ ಔಷಧಿ ಜೀವ ಉಳಿಸುತ್ತದೆ. ಮಾತಿನಿಂದ ನೆರವು ಕೊಡುವವರಿಗೆ ಇದೆಲ್ಲ ಮೊದಲ ದಿನವೇ ಗೊತ್ತಾಗಬೇಕು. ಈ ತರಬೇತಿಯವರು ಇದಕ್ಕೆ ಕೊಟ್ಟಿದ್ದು ಕೈಪಿಡಿಯಲ್ಲಿ ಅರ್ಧ ಪುಟ. ನಮ್ಮ ತಂಡದಲ್ಲಿ ಆಸ್ಪತ್ರೆಯನ್ನೇ ನೋಡದ ಹೊಸಬರು ನಾಲ್ಕು ಜನ ಇದ್ದರು. ನನಗೆ ಭಯವಾಗಿದ್ದು ಅವರನ್ನು ನೋಡಿ. ಕೊನೆಯ ಅಭಿಪ್ರಾಯ ಪತ್ರದಲ್ಲಿ ಇದನ್ನೇ ಒಂದು ಪುಟ ಬರೆದುಕೊಟ್ಟೆ.

ಕೋಚಿಂಗ್ ಇಲ್ಲದ, ಬರೀ ಎರಡು ದಿನದ ತರಬೇತಿಯನ್ನೂ ನಮಗೆ ಕಲಿಸಿದ ಸಂಸ್ಥೆಯೇ ನಡೆಸುತ್ತದೆ. ಅದಕ್ಕೆ ಸೇರಬೇಡಿ. ಮಿಲ್ಲರ್ ತಂಡವೇ ವ್ಯಸನ ಚಿಕಿತ್ಸೆಯ 140 ವೃತ್ತಿಪರರನ್ನು ಗುಂಪು ಮಾಡಿ ನೋಡಿ 2004ರಲ್ಲಿ ಪ್ರಕಟಿಸಿತು. ಬರೀ ಕಾರ್ಯಾಗಾರ ಮುಗಿಸಿದವರ ಕಲಿಕೆ ಕೆಲವೇ ತಿಂಗಳಲ್ಲಿ ಸೋರಿಹೋಗಿತ್ತು. ಟೇಪಿನ ಮೇಲೆ ಅಭಿಪ್ರಾಯ ಅಥವಾ ಕೋಚಿಂಗ್ ಪಡೆದವರಲ್ಲಿ ಉಳಿದಿತ್ತು.

ಹಾಗಾಗಿ ಎಲ್ಲೇ ಸೇರಿ, ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳಿ: ನನ್ನ ಟೇಪನ್ನು ಯಾರು ಕೇಳುತ್ತಾರೆ, ಎಷ್ಟು ಸಲ, ಕೇಳಿದ ಮೇಲೆ ಅದನ್ನು ಯಾವಾಗ ಅಳಿಸುತ್ತಾರೆ? ಆ ಮೂರನೆಯದನ್ನು ನಿಮ್ಮ ರೋಗಿ ಖಂಡಿತ ಕೇಳುತ್ತಾರೆ. ನನ್ನನ್ನು ಆರಕ್ಕೆ ಆರು ಜನರೂ ಕೇಳಿದರು.