ಬಿಎಸ್‌ಎ ಎಂ20: ಮೂರು ಚೈನ್ ತಿಂದ ಗಾಡಿ, ಒಂದು ಸ್ಪ್ರಿಂಗ್‌ನಿಂದ ಸರಿಹೋಯಿತು

ನನ್ನ ಹತ್ತಿರ ಇರುವ ಮೋಟಾರ್ ಸೈಕಲ್ 1942ರ ಬಿಎಸ್‌ಎ ಎಂ20. 496 ಸಿಸಿ, ಸೈಡ್ ವಾಲ್ವ್, ಒಂದೇ ಸಿಲಿಂಡರ್. ಎರಡನೇ ಮಹಾಯುದ್ಧದ ಸೈನ್ಯಕ್ಕೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಲಕ್ಷಕ್ಕೂ ಜಾಸ್ತಿ ತಯಾರಾದ ಗಾಡಿ. ಶಿವಮೊಗ್ಗದಲ್ಲಿ ಹನ್ನೊಂದು ವರ್ಷದಿಂದ ಓಡಿಸುತ್ತಿದ್ದೇನೆ. ಮೊದಲ ನಾಲ್ಕು ವರ್ಷದಲ್ಲಿ ಹಿಂದಿನ ಚೈನ್ ಮೂರು ಸಲ ಹೋಯಿತು. ಒಂದೊಂದೂ ನಾಲ್ಕು ಸಾವಿರ ಕಿ.ಮೀ. ಬಂದರೆ ಹೆಚ್ಚು. ಪ್ರತಿ ಸಲವೂ ಚೈನ್ ಮಾಡಿದವರನ್ನೇ ಬೈದೆ.

ನಾಲ್ಕನೆಯದು ಕೊಳ್ಳುವ ಮುಂಚೆ ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಗಾಡಿ ಓಡಿಸಿ ನೋಡಿದರು. ಟಾಪ್ ಗೇರಿನಲ್ಲಿ ನಿಧಾನಕ್ಕೆ ಹೋಗಿ ಥ್ರಾಟಲ್ ಕೊಟ್ಟರೆ ದಡ್ ದಡ್ ಅಂತ ಎಳೆಯುತ್ತಿತ್ತು. ಇಳಿದವರೇ, 'ಚೈನ್‌ನ ಬೈಬೇಡಿ ಸಾರ್. ಇಂಜಿನ್ ಒದೀತಿದೆ, ಅದು ಒದೆ ತಿಂತಿದೆ ಅಷ್ಟೇ' ಅಂದರು.

ಆ ಒದೆಯನ್ನು ಮೆತ್ತಗೆ ಮಾಡಬೇಕಾದದ್ದು ಎಂಜಿನ್ನಿನ ಶಾಕ್ ಅಬ್ಸಾರ್ಬರ್. ಶಾಕ್ ಅಬ್ಸಾರ್ಬರ್ ಅಂದ ಕೂಡಲೇ ಹಿಂದಿನ ಚಕ್ರದ ಪಕ್ಕದ್ದು ನೆನಪಾಗುತ್ತದೆ, ಅಲ್ವಾ? ಈ ಗಾಡಿಗೆ ಅಲ್ಲಿ ಏನೂ ಇಲ್ಲ, ಹಿಂದೆ ಗಟ್ಟಿ ಫ್ರೇಮ್. ನಾನು ಹೇಳುತ್ತಿರುವುದು ಎಂಜಿನ್ ಶಾಫ್ಟಿನ ತುದಿಯಲ್ಲಿ, ಪ್ರೈಮರಿ ಚೈನ್ (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನ್) ಕವರಿನೊಳಗೆ ಕೂತಿರುವುದು. ಎಂಜಿನ್ ಸ್ಪ್ರಾಕೆಟ್ಟಿನ (ಚೈನ್ ಓಡಿಸುವ ಹಲ್ಲುಚಕ್ರದ) ಮುಖದ ಮೇಲೆ ಏರಿಳಿತದ ಉಬ್ಬುಗಳಿವೆ. ಅದಕ್ಕೆ ಎದುರಾಗಿ ಅಂಥದ್ದೇ ಉಬ್ಬುಗಳಿರುವ ಕ್ಯಾಮ್. ಹಿಂದಿನಿಂದ ದಪ್ಪ ಸ್ಪ್ರಿಂಗ್ ಒತ್ತುತ್ತಿರುತ್ತದೆ. ಫೋರ್ ಸ್ಟ್ರೋಕ್ ಸಿಂಗಲ್‌ನಲ್ಲಿ ಎಂಜಿನ್ ಎರಡು ಸುತ್ತು ತಿರುಗಿದರೆ ಒಂದೇ ಏಟು ಬೀಳುತ್ತದೆ. ಆ ಏಟಿಗೆ ಉಬ್ಬು ಉಬ್ಬನ್ನು ಹತ್ತಿ ಸ್ಪ್ರಿಂಗ್ ಕುಗ್ಗುತ್ತದೆ, ಆಮೇಲೆ ವಾಪಸ್ ಜಾರುತ್ತದೆ. ಬುಲೆಟ್‌ನವರಿಗೆ ಇದೇ ಕೆಲಸವನ್ನು ಹಿಂದಿನ ಹಬ್ಬಿನ ರಬ್ಬರ್ ಮಾಡುತ್ತದೆ.

ಕವರ್ ಬಿಚ್ಚಿದೆವು. ಒಳಗೆ ಎಣ್ಣೆಯೇ ಇಲ್ಲ. ಎಂ20ಯ ತಗಡಿನ ಕವರ್ ಸೋರುವುದು ಹೊಸದೇನಲ್ಲ, ನಾನೇ ನೋಡದೆ ಬಿಟ್ಟಿದ್ದೆ. ತಳದಲ್ಲಿ ಇಟ್ಟಿಗೆ ಬಣ್ಣದ ತುಕ್ಕಿನ ಕೆಸರು. ಕ್ಯಾಮ್ ತನ್ನ ಸ್ಪ್ಲೈನ್ (ಉದ್ದುದ್ದ ಗಾಡಿಗಳಿರುವ ಭಾಗ) ಮೇಲೆ ಕೈಯಲ್ಲಿ ಸರಿದಾಡಬೇಕು. ನನ್ನದು ಕಚ್ಚಿಕೊಂಡು ನಿಂತಿತ್ತು. ಸುಮ್ನೆ ಒಂದು ಕಬ್ಬಿಣದ ಗಟ್ಟಿ ಆಗಿತ್ತು. ಉಬ್ಬಿನ ಇಳಿಜಾರಿನಲ್ಲಿ ಉಗುರು ಸಿಕ್ಕುವಷ್ಟು ಮೆಟ್ಟಿಲು ಬೇರೆ.

ಮೊದಲು ತರಿಸಿದ ಹೊಸ ಸೆಟ್ ಕೈಕೊಟ್ಟಿತು. ಯಾವ ಅಂಗಡಿ ಅಂತ ಹೇಳುವುದಿಲ್ಲ. ನೋಡಲು ಚೆನ್ನಾಗಿತ್ತು. ಆದರೆ ಸ್ಪ್ರಿಂಗ್ ತಂತಿ ಹಳೆಯದಕ್ಕಿಂತ ದಪ್ಪ. ನಟ್ ಬಿಗಿದಾಗ ಸುರುಳಿಗಳ ಮಧ್ಯೆ ಸಂದೇ ಉಳಿಯಲಿಲ್ಲ. ಸಂದಿಲ್ಲದ ಸ್ಪ್ರಿಂಗ್ ಕುಗ್ಗುವುದಾದರೂ ಎಲ್ಲಿಗೆ? ಮತ್ತೆ ಅದೇ ದಡ್ ದಡ್. ನೀವು ತರಿಸಿದರೆ ಹಳೆಯದರ ಪಕ್ಕದಲ್ಲಿಟ್ಟು ತಂತಿಯ ದಪ್ಪ, ಸುರುಳಿಯ ಲೆಕ್ಕ ಎರಡೂ ನೋಡಿ. ಬಿಗಿದ ಮೇಲೆ ಸುರುಳಿಗಳ ನಡುವೆ ಬೆಳಕು ಕಾಣಲೇಬೇಕು.

ಎರಡನೇ ಸ್ಪ್ರಿಂಗ್ ಅಳತೆಗೆ ಸರಿಯಾಗಿತ್ತು. ಏಳು ವರ್ಷವಾಯಿತು, ಇನ್ನೂ ಅದೇ ಇದೆ. ಟಾಪ್ ಗೇರಿನಲ್ಲಿ ತೀರ್ಥಹಳ್ಳಿ ರಸ್ತೆಯ ಸಣ್ಣ ಏರುಗಳನ್ನು ಈಗ ಮೆತ್ತಗೆ ಹತ್ತುತ್ತದೆ. ಆವತ್ತು ಅದರ ಜೊತೆ ಹಾಕಿದ ಚೈನ್ 11,000 ಕಿ.ಮೀ. ದಾಟಿದೆ. ಎರಡೂ ಸ್ಪ್ರಾಕೆಟ್ ಆಗಲೇ ಬದಲಾಯಿಸಿದ್ದೆ. ಕೊಕ್ಕೆಯಂತೆ ಬಾಗಿದ ಹಲ್ಲಿಗೆ ಹೊಸ ಚೈನ್ ಹಾಕಿದರೆ ದುಡ್ಡು ದಂಡ.

ಚೈನ್ ಹಿಗ್ಗುತ್ತದೆ ಅಂತ ಎಲ್ಲರೂ ಹೇಳುತ್ತೇವೆ. ನಿಜಕ್ಕೂ ಸವೆಯುವುದು ಒಳಗಿನ ಪಿನ್ನು ಮತ್ತು ಅದರ ಸುತ್ತಲಿನ ಬುಷ್ ಎಂಬ ಕೊಳವೆ. ಈ ಗಾಡಿಯ ಹಿಂದಿನ ಚೈನ್ 5/8 ಇಂಚು ಪಿಚ್, ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅಷ್ಟು ದೂರ. ಚೈನ್ ತೆಗೆದು, ತೊಳೆದು, ಎಳೆದು ಹಿಡಿದು ಪಿನ್ನಿನಿಂದ ಪಿನ್ನಿಗೆ 16 ಪಿಚ್ ಅಳೆಯಿರಿ. ಹೊಸದಾಗಿದ್ದರೆ ಸರಿಯಾಗಿ 254 ಮಿ.ಮೀ. 259 ಬಂದರೆ ಕಿತ್ತುಹಾಕಿ. ಒಂದೇ ಕಡೆ ಅಳೆದು ಬಿಡಬೇಡಿ. ನನ್ನ ಹಳೇ ಚೈನ್‌ಗಳು ಒಂದು ಕಡೆ 256, ಇನ್ನೊಂದು ಕಡೆ 260 ತೋರಿಸುತ್ತಿದ್ದವು. ಸಡಿಲ ಇರುವ ಕಡೆ ಬಿಗಿ ಮಾಡಿದರೆ ಚಕ್ರ ಅರ್ಧ ಸುತ್ತು ತಿರುಗುವಷ್ಟರಲ್ಲಿ ಇನ್ನೊಂದು ಕಡೆ ತಂತಿಯಂತೆ ಬಿಗಿಯುತ್ತಿತ್ತು. ಈಗಿನದು ಹೋದ ತಿಂಗಳು ಎಲ್ಲಾ ಕಡೆ 256ರ ಆಸುಪಾಸು ಇತ್ತು.

ತಗಡಿನ ಕವರ್ ಮಾತ್ರ ಇನ್ನೂ ಸೋರುತ್ತದೆ. ಮೂರು ಥರದ ಗ್ಯಾಸ್ಕೆಟ್ ಹಾಕಿ ನೋಡಿದೆ. ಹಾಗಾಗಿ ಪ್ರತಿ 500 ಕಿ.ಮೀ.ಗೆ ಕವರಿನ ಎಣ್ಣೆ ಮಟ್ಟ ನೋಡಿ ತುಂಬಿಸುತ್ತೇನೆ. ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ರಟ್ಟು ಹಾಸಿಯೇ ಇರುತ್ತದೆ.