ಎಪಿಎಸ್ ಮಹಾಸಮಾವೇಶವೋ, ಐಸಿಟಿಎಸ್ ಕಾರ್ಯಕ್ರಮವೋ?

ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದು, ಈ ವರ್ಷ ಒಂದೇ ಕಡೆ ಹೋಗಲು ಸಾಧ್ಯ ಅನ್ನುವವರಿಗೆ ಈ ಹೋಲಿಕೆ.

ಹೆಸರಘಟ್ಟದ ಬಳಿಯ ಐಸಿಟಿಎಸ್ (ಇಂಟರ್‌ನ್ಯಾಷನಲ್ ಸೆಂಟರ್ ಫಾರ್ ಥಿಯರೆಟಿಕಲ್ ಸೈನ್ಸಸ್), ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಬೆಂಗಳೂರಿನ ಕೇಂದ್ರಗಳಲ್ಲೊಂದು. ಅಲ್ಲಿನ ಎಷ್ಟೋ ಕಾರ್ಯಕ್ರಮ ಒಂದೆರಡು ವಾರ ನಡೆಯುತ್ತವೆ. ಬೆಳಿಗ್ಗೆ ಉಪನ್ಯಾಸ ಕೊಟ್ಟವರೇ ಮಧ್ಯಾಹ್ನ ಊಟಕ್ಕೆ ಪಕ್ಕದಲ್ಲಿ ಸಿಗುತ್ತಾರೆ. ಮೂರನೇ ಸಮೀಕರಣ ಹೇಗೆ ಬಂತು ಎಂದು ಕೇಳಿದರೆ ಬೋರ್ಡಿನ ಮುಂದೆ ನಿಂತು ಮೊದಲಿನಿಂದ ಬಿಡಿಸಿ ತೋರಿಸುವವರಿದ್ದಾರೆ. ಉಪನ್ಯಾಸಗಳು ಯೂಟ್ಯೂಬ್‌ಗೂ ಬರುತ್ತವೆ, ಆದರೆ ಈ ಮಾತುಕತೆ ಅಲ್ಲಿ ಸಿಗದು. ಮೊದಲೆರಡು ವರ್ಷದಲ್ಲಿರುವವರು ಕಣ್ಣುಮುಚ್ಚಿ ಇದನ್ನೇ ಆರಿಸಿಕೊಳ್ಳಿ.

ಅಮೆರಿಕನ್ ಫಿಸಿಕಲ್ ಸೊಸೈಟಿಯ (ಎಪಿಎಸ್) ಮಾರ್ಚ್ ಸಮಾವೇಶ 2025ರಲ್ಲಿ ಏಪ್ರಿಲ್ ಸಮಾವೇಶದೊಡನೆ ಸೇರಿ ‘ಗ್ಲೋಬಲ್ ಫಿಸಿಕ್ಸ್ ಸಮಿಟ್’ ಆಯಿತು. ಬರುವವರು 10,000ಕ್ಕೂ ಹೆಚ್ಚು. ವಿದ್ಯಾರ್ಥಿಗೆ ಸಾಮಾನ್ಯವಾಗಿ ಸಿಗುವುದು 10 ನಿಮಿಷ ಮಾತು, 2 ನಿಮಿಷ ಪ್ರಶ್ನೆ. ವಿಮಾನ, ವೀಸಾ, ಹೋಟೆಲ್ ಸೇರಿದರೆ ಖರ್ಚು ಲಕ್ಷ ದಾಟುತ್ತದೆ. ಅನುದಾನವಿಲ್ಲದೆ ಸಾಲ ಮಾಡಿ ಹೋಗಬೇಡಿ.

ಆದರೆ ಥೀಸಿಸ್ ಮುಗಿಯುತ್ತಾ ಬಂದು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಹುಡುಕುತ್ತಿದ್ದರೆ, ಅದರಲ್ಲೂ ಘನವಸ್ತು ಭೌತವಿಜ್ಞಾನದ ಪ್ರಯೋಗ ನಿಮ್ಮ ಕ್ಷೇತ್ರವಾದರೆ, ಅಮೆರಿಕಕ್ಕೇ ಹೋಗಿ. ಭೇಟಿಯಾಗಬೇಕಾದ ಸಂಶೋಧನಾ ಗುಂಪುಗಳಿಗೆ ಹೊರಡುವ ಮೊದಲೇ ಇಮೇಲ್ ಬರೆದು ಸಮಯ ಗೊತ್ತುಮಾಡಿಕೊಳ್ಳಿ. ಆ ಜನಜಂಗುಳಿಯಲ್ಲಿ ಆಕಸ್ಮಿಕವಾಗಿ ಯಾರೂ ಸಿಗುವುದಿಲ್ಲ.